ಕಾಡುಮೊಲದ ‘ಕಾಡು’, ಕಾಡಣಬೆಯ ‘ಕಾಡು’

ಶಾಲೆಯ ಮಕ್ಕಳಿಗೆಂದು ಸುತ್ತಲಿನ ಜೀವಿಗಳ ಹೆಸರು ಪಟ್ಟಿ ಮಾಡುವಾಗ ಎರಡು ಪದ ಅಕ್ಕಪಕ್ಕ ಬಂದು ಕೂತವು: ಕಾಡುಮೊಲ, ಕಾಡಣಬೆ. ಎರಡರಲ್ಲೂ ‘ಕಾಡು’ ಹೇಳುವುದು ಒಂದನ್ನೇ?

ಸಂಡೂರಿನ ಗುಡ್ಡದಲ್ಲಾದರೆ ಕಾಡುಂಟು. ಕುಷ್ಟಗಿ ಕಡೆಯ ಮಸಾರಿ ಹೊಲದಲ್ಲಿ ಎಲ್ಲಿಯ ಕಾಡು? ಅಲ್ಲೂ ಬದುವಿನ ಹುಲ್ಲಿನಿಂದ ಮೊಲ ಚಂಗನೆ ನೆಗೆಯುತ್ತದೆ. ಹಾಗಾಗಿ ಇಲ್ಲಿ ‘ಕಾಡು’ ಅರಣ್ಯವಲ್ಲ, ‘ಯಾರೂ ಸಾಕದ್ದು’ ಅಷ್ಟೇ. ತೊಡಕೂ ಇದೆ. ಕಾಡುಹಂದಿಯಿಂದ ಊರಹಂದಿ ಬಂತು. ಕಾಡುಮೊಲದಿಂದ ಸಾಕುಮೊಲ ಬಂದದ್ದಲ್ಲ. ನಮ್ಮ ಹೊಲದ್ದು ಕತ್ತಿನ ಹಿಂಭಾಗ ಕಪ್ಪಗಿರುವ ಲೆಪಸ್ ನೈಗ್ರಿಕೊಲಿಸ್ ಎಂಬ ಜಾತಿ, ಪಂಜರದ್ದು ಯುರೋಪ್ ಮೂಲದ ಬೇರೆಯೇ ಕುಲ. ಹೊಲದ ಮೊಲದ ಮರಿ ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ. ಇನ್ನೊಂದರದ್ದು ಬರಿಮೈ, ಮುಚ್ಚಿದ ಕಣ್ಣು. ಕನ್ನಡ ಎರಡನ್ನೂ ಮೊಲ ಎಂದು ಕೈತೊಳೆದುಕೊಂಡಿದೆ. (ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವಲ್ಲಿನ ಮೊಲ ಹೊಲದ್ದೇ ಇರಬೇಕು. ಈಗ ಹಿಡಿದರೆ 1972ರ ವನ್ಯಜೀವಿ ಕಾಯ್ದೆ ಕಾಲು ಎಣಿಸುತ್ತಾ ಕೂರುವುದಿಲ್ಲ.)

ಇನ್ನು ಅಣಬೆ. ಗುಡುಗಿನ ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಏಳುವ, ಸಾರಿಗೆ ಹಾಕುವ ಅಣಬೆಯ ಮಾತು ಹೇಳುತ್ತಿದ್ದೇನೆ. ಬುಡದ ಮಣ್ಣು ಕೆದರುತ್ತಾ ಹೋದರೆ ದಂಟು ಮುಗಿಯುವುದೇ ಇಲ್ಲ. ಬೇರಿನಂತೆ ಸಪೂರಾಗುತ್ತಾ ಇಳಿದು ಗೆದ್ದಲಿನ ಗೂಡು ಮುಟ್ಟುತ್ತದೆ. ಗೆದ್ದಲು ಒಣ ಎಲೆ, ಕಟ್ಟಿಗೆ ತಿಂದು, ಲದ್ದಿಯಿಂದ ತೂತುತೂತಾದ ತಟ್ಟೆ ಕಟ್ಟಿ, ಅದರ ಮೇಲೆ ಈ ಶಿಲೀಂಧ್ರ ಬೆಳೆಸಿ ಉಣ್ಣುತ್ತದೆ. ಈ ಒಕ್ಕಲುತನ ಆಫ್ರಿಕಾದಲ್ಲಿ ಶುರುವಾಗಿ ಸುಮಾರು 3 ಕೋಟಿ ವರ್ಷ. ಹುಲ್ಲಿನ ಕಂತೆಯಲ್ಲಿ ಚಿಪ್ಪಣಬೆ ಬೆಳೆಯುವ ನಮ್ಮವರಿಗೆ ಇದು ಮಾತ್ರ ಒಗ್ಗಿಲ್ಲ. 1942ರಲ್ಲಿ ಫ್ರಾನ್ಸಿನ ಶಿಲೀಂಧ್ರ ತಜ್ಞ ರೋಜೆ ಹೈಮ್ ಇದರ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟಾಗ ಗೆದ್ದಲನ್ನು (ಇಂಗ್ಲಿಷಿನ ಟರ್ಮೈಟ್) ಹೆಸರಿನಲ್ಲೇ ಕೂರಿಸಿದರು. ಸಾಕುವವರು ಇದ್ದಾರೆ, ಆರು ಕಾಲಿನವರು ಎಂಬುದಷ್ಟೇ ವ್ಯತ್ಯಾಸ. ಅಂದಮೇಲೆ ಇದಕ್ಕೆ ‘ಕಾಡು’ ಹೇಗೆ ಒಪ್ಪೀತು?

ಆದ್ದರಿಂದ ಪಟ್ಟಿಯಲ್ಲಿ ಕಾಡುಮೊಲ ಇರಲಿ, ಕಾಡಣಬೆ ತೆಗೆದು ‘ಹುತ್ತದಣಬೆ’ ಹಾಕೋಣ ಎಂದುಕೊಂಡಿದ್ದೇನೆ. ಅಳುಕು ಒಂದೇ: ಹುತ್ತದ ಬಳಿ ಎದ್ದದ್ದೆಲ್ಲ ತಿನ್ನುವಂಥದ್ದಲ್ಲ, ಮಕ್ಕಳು ಹೆಸರು ನಂಬಿ ಬಾಯಿಗಿಟ್ಟರೆ ಕಷ್ಟ. ಸಿಂಧನೂರು, ಲಿಂಗಸೂಗೂರು, ಯಲಬುರ್ಗಾ ಕಡೆಯವರು ಮನೆಯ ಹಿರಿಯರನ್ನು ಕೇಳಿ ನೋಡಿ: ತಿನ್ನುವ ಅಣಬೆಗೆ ಒಂದು, ತಿನ್ನಬಾರದ್ದಕ್ಕೆ ಇನ್ನೊಂದು ಹೆಸರು ರೂಢಿಯಲ್ಲಿದೆಯೇ? ಇದ್ದರೆ ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ ಬರೆಯಿರಿ.