ಬೇಸಿಗೆ ಶಿಬಿರದಲ್ಲಿ ಮಕ್ಕಳ ರಕ್ಷಣೆ: ಹೊಣೆ ಯಾರದು?

ಪ್ರಶ್ನೆ: ನಮ್ಮ ರಂಗತಂಡವು ಪ್ರತಿ ಏಪ್ರಿಲ್‌ನಲ್ಲಿ ಮಕ್ಕಳ ಶಿಬಿರ ನಡೆಸುತ್ತದೆ. ಸ್ವಯಂಸೇವಕರೊಬ್ಬರಿಂದ ಲೈಂಗಿಕ ಕಿರುಕುಳವಾಯಿತೆಂದು ಮಗುವೊಂದು ಹೇಳಿದರೆ, ಮೊದಲು ಸಮಿತಿಯೊಳಗೇ ವಿಚಾರಿಸಿ ಆಮೇಲೆ ಪೊಲೀಸರಿಗೆ ತಿಳಿಸಬಹುದೇ?

ಉತ್ತರ 1: ಕೂಡದು. 2012ರ ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಕಲಮಿನಂತೆ, ಅಪರಾಧ ನಡೆದಿದೆಯೆಂದು ತಿಳಿದವರಷ್ಟೇ ಅಲ್ಲ, ನಡೆಯಬಹುದೆಂಬ ಆತಂಕವಿರುವವರೂ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಕಲಮು ಒಂದು ವರ್ಷದವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಪಾಲಕರಿಂದ ಬರೆಸಿಕೊಳ್ಳುವ ಒಪ್ಪಿಗೆಪತ್ರ ಇಲ್ಲಿ ನಿಮ್ಮನ್ನು ಕಾಯದು.

ಪ್ರಶ್ನಿಸಿದವರು: ಮಾಹಿತಿ ತಪ್ಪೆಂದು ಆಮೇಲೆ ತಿಳಿದರೆ?

ಉತ್ತರ 2: ಸದ್ಭಾವನೆಯಿಂದ ತಿಳಿಸಿದವರಿಗೆ 19ನೇ ಕಲಮೇ ರಕ್ಷಣೆ ನೀಡುತ್ತದೆ. ಮಕ್ಕಳೊಡನೆ ನಿಯಮಿತವಾಗಿ ಒಡನಾಡುವ ಸಂಸ್ಥೆಗಳ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು 2020ರ ಪೋಕ್ಸೋ ನಿಯಮಗಳು ಬಯಸುತ್ತವೆ. ನಮ್ಮ ಶಿಬಿರದಲ್ಲಂತೂ ವೇಷ ತೊಡಿಸುವ ಕೋಣೆಯೇ (ಯಾರ ಗಮನಕ್ಕೂ ಬಾರದ ಜಾಗ) ಹೆಚ್ಚು ಚಿಂತೆಗೀಡುಮಾಡಿತು. ಈಗ ಅಲ್ಲಿ ಸದಾ ಇಬ್ಬರು ಹಿರಿಯರಿರುತ್ತಾರೆ, ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಮಕ್ಕಳ ಕಣ್ಣಳತೆಯಲ್ಲೇ ಬರೆದಿದ್ದೇವೆ.