ಸೀನನ ವಿಮಾನಕ್ಕೆ 4.5 ಗಿಗಾಹರ್ಟ್ಸ್

ಸೀನನಿಗೆ ಮೈಕ್ರೋಸಾಫ್ಟ್‌ನವರು 2006ರಲ್ಲಿ ತಂದ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಎಂಬ ವಿಮಾನ ಹಾರಿಸುವ ಆಟ ಇವತ್ತಿಗೂ ಮನೆದೇವರು. ಹಾಂಗ್‌ಕಾಂಗ್‌ನ ಕೈ ಟಾಕ್ ವಿಮಾನ ನಿಲ್ದಾಣ 1998ರಲ್ಲೇ ಮುಚ್ಚಿತು. ಇವನ ಕಂಪ್ಯೂಟರಿನಲ್ಲಿ ಮಾತ್ರ ಅದಕ್ಕೆ ರಜೆಯೇ ಇಲ್ಲ.

"ಗುಡ್ಡದ ಮೇಲಿನ ಚೌಕಳಿ ಹಲಗೆ ಕಂಡ ಕೂಡಲೇ ಬಲಕ್ಕೆ ತಿರುಗಿಸ್ಬೇಕು ಕಣೋ. ನಾನು ತಿರುಗಿಸ್ತೀನಿ. ಕಂಪ್ಯೂಟರ್ ಮಾತ್ರ ಯೋಚನೆ ಮಾಡಿ ಹೇಳ್ತೀನಿ ಅನ್ನುತ್ತೆ. ಸೆಕೆಂಡಿಗೆ ಬರೀ 20 ಫ್ರೇಮ್, ಅಂದ್ರೆ 20 ಚಿತ್ರ!"

"ಗ್ರಾಫಿಕ್ಸ್ ಕಾರ್ಡ್ ಬದಲಾಯಿಸು," ಅಂದ ರಮೇಶ. ಯಾವ ಕಾಯಿಲೆಗೂ ಅವನದು ಇದೇ ಮಾತ್ರೆ.

"ಬದಲಾಯಿಸಿದ್ದಾಯ್ತು. ಅದು ಸುಮ್ನೆ ಕೂತು ಸಂಬಳ ಎಣಿಸ್ತಿದೆ."

ಭಟ್ಟ ಚಹಾ ಕೆಳಗಿಟ್ಟ. ಅಂದರೆ ಪಾಠ ಶುರು. "ಅದರ ತಪ್ಪಲ್ಲ ಮಾರಾಯ. ಕಂಪ್ಯೂಟರಿನ ಮುಖ್ಯ ಚಿಪ್‌ನೊಳಗೆ ಕೋರ್ ಅಂತ ನಾಲ್ಕಾರು ಕೆಲಸಗಾರರು ಇರ್ತಾರೆ. ಈ ಆಟದ ಮುಖ್ಯ ಕೆಲಸವೆಲ್ಲ ಒಂದೇ ಕೋರ್ ಮೇಲೆ ಬೀಳುತ್ತೆ. 2007ರ ಸರ್ವೀಸ್ ಪ್ಯಾಕ್ ಬಂದ ಮೇಲೆ ನೆಲದ ಚಿತ್ರ ತರುವ ಕೆಲಸವನ್ನು ಉಳಿದ ಕೋರ್‌ಗಳೂ ಹಂಚಿಕೊಂಡವು, ಅಷ್ಟೇ."

"ಅದಕ್ಕೇ ಓವರ್‌ಕ್ಲಾಕ್ ಮಾಡ್ತೀನಿ! ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸ್ತೀನಿ!" ಸೀನನ ಹತ್ತಿರ ಇದ್ದದ್ದು ಕೋರ್ ಐ7 2600ಕೆ. 2011ರ ಚಿಪ್, ಹೆಸರಿನ ಕೊನೆಗೆ ಕೆ ಇರುವುದರಿಂದ ವೇಗಕ್ಕೆ ಬೀಗ ಇಲ್ಲ. "ವೇಗ 3.4 ಗಿಗಾಹರ್ಟ್ಸ್ ಇದೆ, 4.5 ಮಾಡ್ತೀನಿ. ನೂರಕ್ಕೆ 32 ಜಾಸ್ತಿ!"

"ಒಂದೇ ಕೋರ್ ದುಡಿಯುವಾಗ ಅದು ತಾನಾಗಿಯೇ 3.8ಕ್ಕೆ ಏರುತ್ತೆ ಅಲ್ವಾ? ಅಲ್ಲಿಂದ ಲೆಕ್ಕ ಹಾಕು. 18. ಎಲ್ಲ ಸರಿಯಾಗಿ ನಡೆದರೂ ನಿನ್ನ 20 ಫ್ರೇಮ್ 23, 24 ಆಗಬಹುದು."

ಸೀನನ ಮುಖ ಸಣ್ಣಗಾಯಿತು. ಭಟ್ಟ ಬಿಡಲಿಲ್ಲ. ವೇಗ ಏರಿಸಿದರೆ ವೋಲ್ಟೇಜೂ ಏರಿಸಬೇಕು, ಶಾಖ ಏರುವುದು ವೇಗದ ಲೆಕ್ಕದಲ್ಲಿ, ಅದರ ಮೇಲೆ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. 1.2 ವೋಲ್ಟನ್ನು 1.35 ಮಾಡಿ, 3.4 ಇದ್ದದ್ದನ್ನು 4.5 ಮಾಡಿದರೆ ಶಾಖ ಹೆಚ್ಚುಕಮ್ಮಿ ಒಂದೂ ಮುಕ್ಕಾಲು ಪಟ್ಟು ಹತ್ತಿರ ಹೋಗುತ್ತದೆ.

"ದೊಡ್ಡ ಕೂಲರ್ ಹಾಕಿಸ್ತೀನಿ."

"ಅದು ಡಬ್ಬಿಯೊಳಗಿನ ಬಿಸಿಯನ್ನು ಕೋಣೆಗೆ ತಂದು ಬಿಡುತ್ತೆ. ಏಪ್ರಿಲ್‌ನಲ್ಲಿ ನಿನ್ನ ಹೆಂಡತಿ ನಿನ್ನನ್ನು ಕೋಣೆಯಿಂದ ಹೊರಗೆ ಬಿಡ್ತಾಳೆ," ಅಂದ ರಮೇಶ. ಅವತ್ತು ಅವನು ಆಡಿದ ಒಳ್ಳೆಯ ಮಾತು ಇದೊಂದೇ.

ವೋಲ್ಟೇಜ್ ಸ್ವಲ್ಪ ಸಾಲದೆ ಹೋದರೆ ಇನ್ನೂ ಚೆಂದ. ಚಿಪ್ಪಿಗೆ ಬೆವರಿಳಿಸುವ ಪ್ರೈಮ್95 ಎಂಬ ತಂತ್ರಾಂಶ ಹಾಕಿ ಗಂಟೆಗಟ್ಟಲೆ ಪರೀಕ್ಷೆ ಮಾಡದೆ ಹೊರಟರೆ, ಹತ್ತು ಗಂಟೆ ಸಮುದ್ರದ ಮೇಲೆ ಸರಿಯಾಗಿಯೇ ಹಾರಿದ ವಿಮಾನ, ಚಕ್ರ ಇಳಿಸುವ ಹೊತ್ತಿಗೆ ಕಂಪ್ಯೂಟರ್ ಕೈಕೊಟ್ಟಾಗ ಬರುವ ನೀಲಿ ಪರದೆಗೆ ಹೋಗಿ ಬೀಳುತ್ತದೆ. ಪ್ರಯಾಣಿಕರಿಗೆ ಆಕಾಶದ ಬಣ್ಣ ಬದಲಾದದ್ದೂ ಗೊತ್ತಾಗುವುದಿಲ್ಲ.

"ಹಾಗಾದ್ರೆ ಏನ್ ಮಾಡ್ಲಿ?"

"ಮೋಡದ ಸ್ಲೈಡರ್ ಇಳಿಸು. ಕಾರುಗಳ ಓಡಾಟ ಕಮ್ಮಿ ಮಾಡು. ಅಷ್ಟೂ ಮೇಲಿಂದ ಯಾರು ನೋಡ್ತಾರೆ?"

"ನಾನು ನೋಡ್ತೀನಿ."

"ಹಾಗಾದ್ರೆ ಮೈಕ್ರೋಸಾಫ್ಟ್‌ನವರೇ 2020ರಲ್ಲಿ ತಂದ ಸಿಮ್ಯುಲೇಟರ್‌ಗೆ ಹೋಗು. ಜೊತೆಗೆ ರೈಜನ್ 7 5800ಎಕ್ಸ್3ಡಿ ಚಿಪ್ ತಗೋ. ಅದರ ಅಣ್ಣ 5800ಎಕ್ಸ್ 4.7ಕ್ಕೆ ಓಡುತ್ತೆ, ಇದು 4.5ಕ್ಕೇ ನಿಲ್ಲುತ್ತೆ. ಆದರೂ ವಿಮಾನ ಹಾರಿಸೋದರಲ್ಲಿ ಇದೇ ಮುಂದು. ಚಿಪ್‌ನೊಳಗೇ ಇರುವ ಪುಟ್ಟ ಉಗ್ರಾಣಕ್ಕೆ ಕ್ಯಾಶ್ ಅಂತಾರೆ. ಅಣ್ಣನಿಗೆ 32 ಎಂಬಿ ಕ್ಯಾಶ್, ಇದಕ್ಕೆ 96. ಬೇಕಾದ ಮಾಹಿತಿ ಪಕ್ಕದಲ್ಲೇ ಇರುತ್ತೆ, ಮೆಮೊರಿ ತನಕ ಪದೇ ಪದೇ ಓಡಬೇಕಾಗಿಲ್ಲ."

ಸೀನನ ಕಣ್ಣು ಅರಳಿತು. "ಅದನ್ನೇ ಓವರ್‌ಕ್ಲಾಕ್ ಮಾಡಿದ್ರೆ?"

"ಆಗಲ್ಲ. ಕಂಪನಿಯವರೇ ಬೀಗ ಹಾಕಿದ್ದಾರೆ."

"ದುಡ್ಡು ಕೊಟ್ಟು ಬೀಗ ತರ್ಲಾ? ಮತ್ತೆ ನಾನು ತಿರುಗಿಸೋಕೆ ಏನು ಉಳೀತು?"

"ವಿಮಾನ," ಅಂದ ಭಟ್ಟ.