ಉಪ್ಪಿನಕಾಯಿ ಜಾಹೀರಾತು: ಗುಂಪಿನಲ್ಲಿ ದೊಡ್ಡಪ್ಪನ ಉತ್ತರ

ಮಗಳೇ, ನಿನ್ನೆ ರಾತ್ರಿ ನೀನು ನಮ್ಮ ಬಂಧುಗಳ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಬಂದು ಎರಡು ಸಲ ಓದಿದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಜಾಹೀರಾತಿಗೆಂದು 40,000 ರೂಪಾಯಿ ತೆಗೆದಿಟ್ಟಿದ್ದೀಯ, ಏಜೆನ್ಸಿಯವರು “ಫೇಸ್‌ಬುಕ್ ಈಗ ಮುದುಕರ ಅರಳಿಕಟ್ಟೆ, ಎಲ್ಲವನ್ನೂ ಇನ್‌ಸ್ಟಾಗ್ರಾಮಿಗೆ ಹಾಕಿಬಿಡಿ” ಎನ್ನುತ್ತಿದ್ದಾರೆ, ದುಡ್ಡನ್ನು ಯಾವ ಕಡೆ ಹಾಕಲೆಂದು ತಿಳಿಯದೆ ನಿನಗೆ ನಿದ್ದೆ ಬರುತ್ತಿಲ್ಲ. ನಾನು ಮಾತನಾಡಿ ಕಳಿಸಿದರೆ ಯಾರೂ ಕೊನೆಯವರೆಗೆ ಕೇಳುವುದಿಲ್ಲವೆಂದು ತಿಳಿದಿರುವುದರಿಂದ, ಫೋನಿಗೆ ಹೇಳಿ ಬರೆಸಿ ಕಳಿಸುತ್ತಿದ್ದೇನೆ.

ನಾವು ನಡೆಸಿ ಕೊನೆಗೆ ಮುಚ್ಚಿದ ಹೋಂಸ್ಟೇ ಕಥೆ ನಿಮಗೆಲ್ಲ ಗೊತ್ತಿದೆ. ಅದರ ಲೆಕ್ಕದ ಭಾಗವನ್ನು ಮಾತ್ರ ನಾನು ಯಾರ ಮುಂದೆಯೂ ಬಿಚ್ಚಿಲ್ಲ. 2019ರ ಮಳೆಗಾಲಕ್ಕೆ ಮೊದಲು ಒಂದು ಏಜೆನ್ಸಿಯ ಹುಡುಗ ನಮ್ಮ ಜಗಲಿಯಲ್ಲಿ ಕುಳಿತು, ಲ್ಯಾಪ್‌ಟಾಪ್ ತೆರೆದು, ಟಿಕ್‌ಟಾಕ್ ಎಂಬ ವಿಡಿಯೋ ಆ್ಯಪಿನಲ್ಲಿ ಎಷ್ಟು ಕೋಟಿ ಜನ ಸೇರುತ್ತಿದ್ದಾರೆ, ಫೇಸ್‌ಬುಕ್ಕಿನಿಂದ ಎಷ್ಟು ಎಳೆಯರು ಕಾಲು ತೆಗೆಯುತ್ತಿದ್ದಾರೆ ಎಂದು ಬಣ್ಣಬಣ್ಣದ ಗೆರೆಗಳನ್ನು ತೋರಿಸಿದ. ಅದೇ ಏಪ್ರಿಲಿನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದಾಗಿ ಆ ಆ್ಯಪ್ ಕೆಲವು ದಿನ ಡೌನ್‌ಲೋಡಿಗೆ ಸಿಗದೆ ಹೋಗಿದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಆದರೆ ಗೆರೆ ಮೇಲೇರುವುದನ್ನು ನೋಡುತ್ತ ಅದು ಮರೆತೇಹೋಯಿತು. ಆ ಸಲದ ಅಡಿಕೆ ದುಡ್ಡಿನಲ್ಲಿ 60,000 ಕೊಟ್ಟು ಮನೆಯ ಹಿಂದಿನ ಅಬ್ಬಿಯ, ಅಂದರೆ ಜಲಪಾತದ, ವಿಡಿಯೋಗಳನ್ನು ಮಾಡಿಸಿದೆವು. ಒಂದು ವಿಡಿಯೋವನ್ನು 4 ಲಕ್ಷ ಸಲ ನೋಡಿದರು. ನಿಮ್ಮ ದೊಡ್ಡಮ್ಮ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಒಣಗಿಸಿ ಕಾದು ಕುಳಿತಳು.

ಜನ ಬಂದರು, ಇಲ್ಲವೆನ್ನಲಾರೆ. ಬೈಕಿನ ಮೇಲೆ ಮೂರು ಮೂರು ಮಂದಿ ಬಂದು, ಸಸಿ ಹಾಕಿದ ಗದ್ದೆಯಂಚಿನಲ್ಲಿ ಗಾಡಿ ನಿಲ್ಲಿಸಿ, ಅಬ್ಬಿಗೆ ದಾರಿ ಯಾವುದೆಂದು ಕೇಳಿ, ಮಜ್ಜಿಗೆ ಕುಡಿದು, ಸಂಜೆಗೆ ಹೊರಟುಹೋದರು. ಕೋಣೆಯ ಬಾಡಿಗೆ ಎಷ್ಟೆಂದು ಕೇಳಿದವರೇ ಇಲ್ಲ. ಇಡೀ ಮಳೆಗಾಲಕ್ಕೆ ಎರಡು ಬುಕಿಂಗ್ ಆಯಿತು. ಸೆಪ್ಟೆಂಬರಿನಲ್ಲಿ ಒಂದು ದಿನ, ನಾಲ್ಕು ವರ್ಷ ಸಾಕಿ ಆ ವರ್ಷ ಕೈಬಿಟ್ಟಿದ್ದ ನಮ್ಮ ಫೇಸ್‌ಬುಕ್ ಪುಟವನ್ನು ತೆರೆದು ನೋಡಿದರೆ, ಅಲ್ಲಿ 17 ಸಂದೇಶಗಳು ಉತ್ತರವಿಲ್ಲದೆ ಬಿದ್ದಿದ್ದವು. “ಜುಲೈ ಮೂರನೆಯ ವಾರ ಎರಡು ಕೋಣೆ ಸಿಗಬಹುದೇ? ನಮ್ಮ ಅತ್ತೆಯವರಿಗೆ ಮೆಟ್ಟಿಲು ಹತ್ತಲಾಗದು, ಕೆಳಗಿನ ಕೋಣೆಯೇ ಬೇಕು.” ಹೀಗೆ ಬರೆದವರೆಲ್ಲ ಮಲ್ಲೇಶ್ವರ, ಜಯನಗರದ ಕಡೆಯ ನಲವತ್ತು ದಾಟಿದ ಹೆಣ್ಣುಮಕ್ಕಳು. ಕಾರು ಓಡಿಸುವವನು ಗಂಡನೇ ಇರಬಹುದು, ಕಾರು ಎಲ್ಲಿಗೆ ಹೋಗಬೇಕೆಂದು ಹೇಳುವವರು ಇವರು. ಅವರ ಪಾಲಿಗೆ ನಾವು ಬಾಗಿಲು ಹಾಕಿದ ಮನೆಯಾಗಿದ್ದೆವು. ಮರುವರ್ಷ, 2020ರ ಜೂನ್ 29ರಂದು, ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಕೂಡ ಹೋಯಿತು. ತಪ್ಪು ಆ ಆ್ಯಪಿನದಲ್ಲ, ಬುದ್ಧಿ ಕೆಟ್ಟ ನನ್ನದು; ಅಷ್ಟು ಜನ ನೋಡಿದ್ದರಲ್ಲ, ಅವರಲ್ಲಿ ಒಬ್ಬರ ಫೋನ್ ನಂಬರೂ ನನ್ನ ಹತ್ತಿರ ಇರಲಿಲ್ಲ. ಆದ್ದರಿಂದ ಹೇಳುತ್ತೇನೆ, ಬೇರೆಯವರು ತೋರಿಸಿದ ದೊಡ್ಡ ಸಂಖ್ಯೆಗೆ ಮರುಳಾಗಿ ಇಡೀ ದುಡ್ಡನ್ನು ಒಂದೇ ಕಡೆ ಸುರಿಯಬೇಡ.

ಆ ಸಂಖ್ಯೆ ಹೇಗೆ ಹುಟ್ಟುತ್ತದೆಂಬುದನ್ನೂ ನೋಡು. ಸಾಗರದ ಅತ್ತೆಯ ಖಾತೆಯನ್ನು ತೆರೆದುಕೊಟ್ಟವನು ಮೊಮ್ಮಗ. ಅವನು ಅತ್ತೆ ಹುಟ್ಟಿದ ವರ್ಷವನ್ನು 1990 ಎಂದು ತುಂಬಿದ್ದರಿಂದ, ಎಂಬತ್ತರ ಹತ್ತಿರದ ಅತ್ತೆ ಜಾಹೀರಾತಿನ ಲೆಕ್ಕದಲ್ಲಿ ಇನ್ನೂ ಯುವತಿಯೇ. ನಗಬೇಡಿ, ದೊಡ್ಡ ಮಟ್ಟದಲ್ಲಿಯೂ ಹೀಗಾಗಿದೆ. 2017ರಲ್ಲಿ ಅಮೆರಿಕದಲ್ಲಿ 18ರಿಂದ 24 ವರ್ಷದವರು 4.1 ಕೋಟಿ ಸಿಗುತ್ತಾರೆಂದು ಫೇಸ್‌ಬುಕ್ ಜಾಹೀರಾತುದಾರರಿಗೆ ತೋರಿಸುತ್ತಿದ್ದಾಗ, ಆ ದೇಶದ ಜನಗಣತಿಯಲ್ಲಿ ಆ ವಯಸ್ಸಿನವರು ಸುಮಾರು 3.1 ಕೋಟಿಯಷ್ಟೇ ಇದ್ದಾರೆಂದು ಷೇರು ವಿಶ್ಲೇಷಕರೊಬ್ಬರು ಎತ್ತಿ ತೋರಿಸಿದರು. ತಮ್ಮ ಅಂದಾಜು ಜನಗಣತಿಗೆ ತಾಳೆಯಾಗಲೆಂದು ಮಾಡಿದ್ದಲ್ಲವೆಂದು ಕಂಪನಿ ಉತ್ತರಿಸಿತು. ಇನ್ನೊಂದು ಮಾತು, ಎರಡು ಜಾಲಗಳ ಜನರನ್ನು ಕೂಡಿಸಿ ಹೇಳುವುದೂ ಮೋಸವೇ; ನಾನೇ ಎರಡರಲ್ಲೂ ಇದ್ದೇನೆ, ಊಟ ಮಾಡುವ ಬಾಯಿ ಮಾತ್ರ ಒಂದೇ.

ಒಬ್ಬನೇ ಮನುಷ್ಯ ಒಂದೊಂದು ಕಡೆ ಒಂದೊಂದು ಮನಸ್ಸಿನಲ್ಲಿರುತ್ತಾನೆ ಎಂಬುದನ್ನು ಏಜೆನ್ಸಿಯವರು ಹೇಳುವುದಿಲ್ಲ. ನಮ್ಮ ಪುಣೆಯ ಅಳಿಯ ಉದ್ಯೋಗಸ್ಥರ ಜಾಲವಾದ ಲಿಂಕ್ಡ್‌ಇನ್‌ನಲ್ಲಿ ಟೈ ಕಟ್ಟಿಕೊಂಡು ಕುಳಿತಿರುತ್ತಾನೆ, ಅಲ್ಲಿ ಉಪ್ಪಿನಕಾಯಿಯ ಚಿತ್ರ ಕಂಡರೆ ತಿರುಗಿಯೂ ನೋಡುವುದಿಲ್ಲ. ಆದರೆ ಅವನ ಕಚೇರಿಯವರು ದೀಪಾವಳಿಗೆ 200 ಉಡುಗೊರೆ ಡಬ್ಬಿ ಹುಡುಕುವಾಗ ಅದೇ ಜಾಗ ಉಪಯೋಗಕ್ಕೆ ಬರುತ್ತದೆ. ಅವನೇ ರಾತ್ರಿ ಇನ್‌ಸ್ಟಾಗ್ರಾಮಿನಲ್ಲಿ ಹೆಬ್ಬೆರಳಿನಿಂದ ರೀಲ್ಸ್ ಸರಿಸುತ್ತಿರುತ್ತಾನೆ, ಜಾಡಿ ಚೆಂದ ಕಂಡರೆ ಒಂದು ಕ್ಷಣ ನಿಲ್ಲುತ್ತಾನೆ. ಊರಿನ ಹೆಸರಿನ ಫೇಸ್‌ಬುಕ್ ಗುಂಪಿನಲ್ಲಿ ಅವನ ತಾಯಿ “ಇದು ಜೀರಿಗೆ ಮಿಡಿಯೋ, ಬೇರೆಯದೋ” ಎಂದು ಕೇಳುತ್ತಾಳೆ. ಹಾಗೆ ಕೇಳುವವಳು ಕೊಳ್ಳುವುದಕ್ಕೆ ಹತ್ತಿರ ಬಂದಿದ್ದಾಳೆಂದು ನನ್ನ ಅಭಿಪ್ರಾಯ. ಇನ್‌ಸ್ಟಾಗ್ರಾಮ್ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಹೊಸದಾಗಿ ಸಂಸಾರ ಹೂಡಿದ, ಊರಿನಿಂದ ಜಾಡಿ ಬಾರದ ಮನೆಗಳು ಅಲ್ಲಿಯೇ ಸಿಗಬಹುದು. ಆದರೂ ಇನ್ನೊಮ್ಮೆ ಹೇಳುತ್ತೇನೆ, ಬೇರೆಯವರು ತೋರಿಸಿದ ದೊಡ್ಡ ಸಂಖ್ಯೆಗೆ ಮರುಳಾಗಿ ಇಡೀ ದುಡ್ಡನ್ನು ಒಂದೇ ಕಡೆ ಸುರಿಯಬೇಡ.

ನೋಡುವವರು ಬೇರೆ, ಕೊಳ್ಳುವವರು ಬೇರೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಈ ಗುಂಪಿನಲ್ಲಿ ನಾವು 58 ಜನರಿದ್ದೇವೆ. ನೀನು ಮೊನ್ನೆ ಜಾಡಿಗಳ ಚಿತ್ರ ಹಾಕಿದಾಗ ಕೆಂಪು ಹೃದಯ ಒತ್ತಿದವರು 31, ದುಡ್ಡು ಕೊಟ್ಟು ತರಿಸಿದವರು ಮೂವರು. ಹುಬ್ಬಳ್ಳಿಯ ಭಾವ “ಮೊದಲು ರುಚಿ ನೋಡಲು ಕಳಿಸಿ” ಎಂದು ಬರೆದಿದ್ದಾರೆ. ಭಾವ, ನಿಮ್ಮ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಕಳೆದ ವರ್ಷದ ಹಲಸಿನ ಹಪ್ಪಳವನ್ನೂ ನೀವು ರುಚಿ ನೋಡಿಯೇ ಮುಗಿಸಿದಿರಿ. ಹೋಂಸ್ಟೇ ಬಾಗಿಲು ಹಾಕಿದಾಗ “ಮೊದಲೇ ಹೇಳಿದ್ದೆವು” ಎಂದವರಲ್ಲಿ ಒಬ್ಬರಾದರೂ ನಮ್ಮ ಪುಟವನ್ನು ತಮ್ಮ ಸ್ನೇಹಿತರಿಗೆ ಕಳಿಸಿದ್ದು ನನಗೆ ನೆನಪಿಲ್ಲ. ಏಜೆನ್ಸಿಯವರು ಶಿರಸಿಯ ಉಪ್ಪಿನಕಾಯಿಯನ್ನು ಬೆಂಗಳೂರಿನ ಕನ್ನಡದವರಿಗೆ ಮಾರಲು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಾರೆ, ಅದನ್ನೂ ನಮ್ಮಲ್ಲಿ ಯಾರೂ ಪ್ರಶ್ನಿಸಲಿಲ್ಲ. ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳನ್ನೇ ನಂಬಿ ಬೆಳೆದ ಶೇರ್‌ಚಾಟ್ ಎಂಬ ಜಾಲ ಬೆಂಗಳೂರಿನದೇ ಎಂಬುದಾದರೂ ಅವರಿಗೆ ನೆನಪಿರಬೇಕಿತ್ತು.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ. ಇನ್‌ಸ್ಟಾಗ್ರಾಮನ್ನು ಫೇಸ್‌ಬುಕ್ 2012ರಲ್ಲಿಯೇ ಕೊಂಡುಕೊಂಡಿದೆ, ಎರಡರ ಜಾಹೀರಾತನ್ನೂ ಅವುಗಳ ಒಡೆಯ ಕಂಪನಿ ಮೆಟಾದ ಒಂದೇ ಕಿಟಕಿಯಲ್ಲಿ ಕೊಳ್ಳಬಹುದು. ಆದ್ದರಿಂದ ಇದರಲ್ಲಿ ವಾದ ಮಾಡುವುದಕ್ಕಿಂತ ತೂಗಿ ನೋಡುವುದು ಸುಲಭ. ಖಾತೆ ನಿನ್ನ ಹೆಸರಿನಲ್ಲಿಯೇ ಇರಲಿ. ಹತ್ತು ದಿನಕ್ಕೆಂದು ಒಂದೊಂದು ಜಾಲಕ್ಕೆ ಒಟ್ಟು 3,000 ರೂಪಾಯಿ ಇಡು. ಒಂದೇ ಚಿತ್ರ, ಒಂದೇ ಬೆಲೆ, ಒಂದೇ ಕನ್ನಡ ಒಕ್ಕಣೆ, ಊರು ಬೆಂಗಳೂರು ಮತ್ತು ಹುಬ್ಬಳ್ಳಿ, ವಯಸ್ಸು 25ರಿಂದ 60. ಜಾಹೀರಾತು ಎಲ್ಲಿ ಕಾಣಬೇಕೆಂಬುದನ್ನು ನೀನೇ ಗುರುತು ಹಾಕು, ಯಂತ್ರಕ್ಕೆ ಬಿಟ್ಟರೆ ಅದು ಅಗ್ಗವಾದ ಕಡೆಗೆ ದುಡ್ಡು ಹರಿಸುತ್ತದೆ. ಒತ್ತಿದವರಿಗೆ ನೇರವಾಗಿ ವಾಟ್ಸ್‌ಆ್ಯಪ್ ತೆರೆಯಲಿ, ಅದರಲ್ಲಿ ಮೊದಲೇ ತುಂಬಿಡುವ ಮಾತು ಫೇಸ್‌ಬುಕ್ಕಿನವರಿಗೆ “ನಮಸ್ಕಾರ”, ಇನ್‌ಸ್ಟಾಗ್ರಾಮಿನವರಿಗೆ “ನಮಸ್ತೆ” ಎಂದಿರಲಿ; ಯಾರು ಎಲ್ಲಿಂದ ಬಂದರೆಂದು ಅವರನ್ನು ಕೇಳದೆಯೇ ತಿಳಿಯುತ್ತದೆ. ಲೈಕುಗಳನ್ನು ಬರೆದಿಡಬೇಡ, ಹೋದ ಜಾಡಿಗಳನ್ನೂ ಬಂದ ನಂಬರುಗಳನ್ನೂ ಬರೆದಿಡು. ಎರಡು ತಿಂಗಳ ಮೇಲೆ ಎರಡನೆಯ ಜಾಡಿ ಕೇಳಿದವರು ಯಾವ ಕಡೆಯವರೆಂದು ನೋಡಿ, ಉಳಿದ 34,000ವನ್ನು ಆಗ ಹಂಚು.

ಲೆಕ್ಕದ ಹಾಳೆಯನ್ನು ನನಗೊಬ್ಬನಿಗೇ ಕಳಿಸು, ಗುಂಪಿಗೆ ಬೇಡ. ನಿನ್ನ ದೊಡ್ಡಮ್ಮ ಎರಡು ಜಾಡಿ ಬೇಕೆಂದಿದ್ದಾಳೆ, ದುಡ್ಡು ಈಗಲೇ ಹಾಕುತ್ತೇನೆ. ಅದನ್ನು ಯಾವ ಕಾಲಮ್ಮಿಗೂ ಸೇರಿಸಬೇಡ.